ಅರ್ಹತೆಯ ಗೈಡುಗಳು

ಗೈಡನ್ನು ವಿಮರ್ಶಿಸಿದವರು ವಿರಳ. ಅದು ಸಾಹಿತ್ಯವಲ್ಲವೆಂಬುದು ಎಲ್ಲರೂ ಒಪ್ಪಿದ ಮಾತು. ಆದರೆ ಹಲಸೂರಿನಿಂದ ಕೆ.ಆರ್. ಪುರದ ಕಡೆಗೆ ಮೆಟ್ರೋ ರೈಲಿನಲ್ಲಿ ಹೋಗುವಾಗ ನೋಡಿದ್ದೇನೆ: ಕಾದಂಬರಿ ಹಿಡಿದವರಿಗಿಂತ ಹೊಳಪು ರಟ್ಟಿನ ದಪ್ಪ ಗೈಡು ಹಿಡಿದವರೇ ಹೆಚ್ಚು. ಇಷ್ಟು ಜನ ಇಷ್ಟು ಭಯಭಕ್ತಿಯಿಂದ ಓದುವ ಗ್ರಂಥವನ್ನು ವಿಮರ್ಶಕನು ಕಡೆಗಣಿಸುವುದು ನ್ಯಾಯವಲ್ಲ.

ನಾನು ಹೇಳುತ್ತಿರುವುದು ಶಿಕ್ಷಕರ ಅರ್ಹತಾ ಪರೀಕ್ಷೆಯ, ಅಂದರೆ ಟಿ.ಇ.ಟಿ.ಯ ಗೈಡುಗಳ ವಿಚಾರ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಬೆನ್ನಿಗೆ 2010ರಲ್ಲಿ ಬಂದ ಪರೀಕ್ಷೆ ಇದು. ನೂರೈವತ್ತು ಪ್ರಶ್ನೆ, ನೂರೈವತ್ತು ಅಂಕ, ತೇರ್ಗಡೆಗೆ ಸಾಮಾನ್ಯವಾಗಿ ಶೇಕಡ 60. ಮೊದಲು ಕೆಲಸ ಹುಡುಕುವ ಹುಡುಗ ಹುಡುಗಿಯರಷ್ಟೇ ಇದಕ್ಕೆ ಹೆದರುತ್ತಿದ್ದರು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿಯುಳ್ಳ, ಈಗಾಗಲೇ ಪಾಠ ಹೇಳುತ್ತಿರುವ ಉಪಾಧ್ಯಾಯರೂ ಎರಡು ವರ್ಷದೊಳಗೆ ಇದನ್ನು ಪಾಸು ಮಾಡಬೇಕೆಂದು ತೀರ್ಪಿತ್ತಿತು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಮಾತ್ರ ಹೆಚ್ಚಿನ ಪೀಠದ ವಿಚಾರಕ್ಕೆ ಬಿಟ್ಟಿತು. ದಂಡಿನ ಪ್ರದೇಶದಲ್ಲಿ ಅಂಥ ಶಾಲೆಗಳು ಎಷ್ಟೆಂಬುದನ್ನು ನೆನೆದರೆ ಆ ಮಾತಿನ ತೂಕ ತಿಳಿಯುತ್ತದೆ. ಹೀಗಾಗಿ ಐವತ್ತರ ಹರೆಯದ ಉಪಾಧ್ಯಾಯಿನಿಯೂ ಗೈಡು ಕೊಳ್ಳುವಂತಾಯಿತು.

ಶಿವಾಜಿನಗರದಲ್ಲಿ ನಾನೂ ಎರಡು ಕೊಂಡು ತಂದೆ. ಒಂದು ದಪ್ಪ, ಒಂದು ತೆಳು. ಹೆಸರು ಬೇಡ, ಒಂದರ ದೋಷ ಅನೇಕರದು.

ಎರಡರಲ್ಲೂ ಮಕ್ಕಳ ಮನೋವಿಕಾಸದ ಭಾಗವನ್ನೇ ಮೊದಲು ತೆರೆದೆ. ಪರೀಕ್ಷೆಯಲ್ಲಿ ಇದಕ್ಕೆ ಮೂವತ್ತು ಅಂಕ. ಸ್ವಿಟ್ಜರ್ಲೆಂಡಿನ ಪಿಯಾಜೆ ಎಂಬ ಪಂಡಿತನ ನಾಲ್ಕು ಹಂತಗಳು ದಪ್ಪ ಪುಸ್ತಕದಲ್ಲಿ ಕೋಷ್ಟಕವಾಗಿ ನಿಂತಿವೆ: ವಯಸ್ಸು ಎಡಕ್ಕೆ, ಹೆಸರು ಬಲಕ್ಕೆ. ಅದರ ಕೆಳಗೆ ಕಂಠಪಾಠಕ್ಕೆ ಒಂದು ಅಕ್ಷರಸೂತ್ರ. ಅಲ್ಲಿಗೆ ಪಿಯಾಜೆ ಮುಗಿದ. ತೆಳು ಪುಸ್ತಕದ ಕರ್ತೃ ಹಾಗೆ ಮಾಡಿಲ್ಲ. ಅಗಲ ಪಾತ್ರೆಯ ನೀರನ್ನು ಮಗುವಿನ ಕಣ್ಣೆದುರೇ ಎತ್ತರದ, ಕಿರಿದಾದ ಲೋಟಕ್ಕೆ ಸುರಿದರೆ ಐದು ವರ್ಷದ ಮಗು ‘ಇದರಲ್ಲೇ ಜಾಸ್ತಿ’ ಎನ್ನುತ್ತದೆ, ಎಂಟೊಂಬತ್ತು ವರ್ಷದ್ದು ‘ಅಷ್ಟೇ ಇದೆಯಲ್ಲ’ ಎನ್ನುತ್ತದೆ, ಎಂಬ ಪ್ರಸಿದ್ಧ ಪ್ರಯೋಗವನ್ನು ಅರ್ಧ ಪುಟದಲ್ಲಿ ಹೇಳಿ, ಆಮೇಲೆ ಹಂತದ ಹೆಸರು ಕೊಟ್ಟಿದ್ದಾರೆ. ಕೊನೆಯಲ್ಲಿ ಪ್ರಶ್ನೆಯಿಟ್ಟು, ಉಳಿದ ಮೂರು ಉತ್ತರಗಳು ಏಕೆ ತಪ್ಪೆಂದು ಮೂರು ವಾಕ್ಯ ಬರೆದಿದ್ದಾರೆ. ನನ್ನ ಮಟ್ಟಿಗೆ ಗೈಡಿನ ಯೋಗ್ಯತೆಯನ್ನು ಅಳೆಯಲು ಆ ಮೂರು ವಾಕ್ಯ ಸಾಕು. ಸರಿಯುತ್ತರದ ಅಕ್ಷರವನ್ನು ಯಾರೂ ಅಚ್ಚು ಹಾಕಬಲ್ಲರು. ತಪ್ಪು ಏಕೆ ತಪ್ಪೆಂದು ಬರೆಯಲು ವಿಷಯ ಗೊತ್ತಿರಬೇಕು.

ಭಾಷೆಯ ಭಾಗದಲ್ಲಿ ದಪ್ಪ ಪುಸ್ತಕ ಇನ್ನೂ ಕೆಟ್ಟಿದೆ. ಕವಿ, ಕಾವ್ಯ, ಬಿರುದು, ವಚನಕಾರರ ಅಂಕಿತ ಎಂದು ಪುಟಗಟ್ಟಲೆ ಪಟ್ಟಿ. ಪರೀಕ್ಷೆ ಕೇಳುವುದಾದರೋ ಓದಿದ್ದನ್ನು ಗ್ರಹಿಸುವ ಶಕ್ತಿಯನ್ನು, ಮಗುವಿಗೆ ಭಾಷೆ ಕಲಿಸುವ ಬಗೆಯನ್ನು. ಗದ್ಯಖಂಡವನ್ನು ಓದಿಸುವ ಅಭ್ಯಾಸ ಪಟ್ಟಿಯಿಂದ ಬಾರದು. ಇಂಗ್ಲಿಷಿನಿಂದ ಪದಕ್ಕೆ ಪದ ಇಟ್ಟ ಆ ಕನ್ನಡವನ್ನು ಓದಿದವರಿಗೆ ಅಭ್ಯಾಸ ತಪ್ಪುವುದೂ ಉಂಟು. ಕೀಲಿ ಉತ್ತರದಲ್ಲಿ ಒಂದೇ ಪ್ರಶ್ನೆಗೆ ಎರಡು ಪುಟಗಳಲ್ಲಿ ಎರಡು ಉತ್ತರ ಕಂಡೆ. ಅದು ಮುದ್ರಾರಾಕ್ಷಸನ ಕೆಲಸವೆಂದು ಬಿಟ್ಟರೂ, ನೌಕರಿ ಹೋದೀತೆಂಬ ಭಯದಲ್ಲಿ ಅದನ್ನು ಬಾಯಿಪಾಠ ಮಾಡುವವರ ಗತಿಯೇನು?

ಇನ್ನು ಶಿವಾಜಿನಗರದ ಉರ್ದು ಶಾಲೆಯ, ಹಲಸೂರಿನ ತಮಿಳು ಶಾಲೆಯ ಉಪಾಧ್ಯಾಯರಿಗೆ ತಮ್ಮ ಭಾಷೆಯಲ್ಲಿ ಏನು ಸಿಗುತ್ತದೆಂದು ಅಂಗಡಿಯವರನ್ನು ಕೇಳಿದೆ. ಅವರು ಇಂಗ್ಲಿಷಿನ ಗೈಡನ್ನು ತೋರಿಸಿದರು.

ಹಲಸೂರಿನ ಸರ್ಕಾರಿ ಶಾಲೆಯೊಂದರಲ್ಲಿ ಬಹಳ ವರ್ಷಗಳಿಂದ ಒಂದನೆಯ ತರಗತಿಗೆ ಪಾಠ ಹೇಳುವ ಪರಿಚಿತರೊಬ್ಬರು, ಯಾವುದು ಕೊಳ್ಳಲಿ ಎಂದು ಕೇಳಿದರು. ಲೋಟದ ಪ್ರಯೋಗ ಓದಿ ಹೇಳಿದೆ. ಆಕೆ ನಕ್ಕುಬಿಟ್ಟರು. 2013ರಲ್ಲಿ ಕ್ಷೀರಭಾಗ್ಯ ಬಂದಂದಿನಿಂದ ಮಕ್ಕಳಿಗೆ ಅಳತೆ ಮಾಡಿ 150 ಮಿಲಿಲೀಟರ್ ಹಾಲು ಕೊಡುವಾಗ ಎತ್ತರದ ಲೋಟಕ್ಕೆ ಆಗುವ ಜಗಳವನ್ನು ಆಕೆ ಬಿಡಿಸುತ್ತ ಬಂದವರು. ‘ಇದಕ್ಕೆ ಇಷ್ಟು ದೊಡ್ಡ ಹೆಸರಿದೆಯೆಂದು ಗೊತ್ತಿರಲಿಲ್ಲ ಸಾರ್’ ಎಂದರು.

ಶಾಲೆಯ ಬೀರುವಿನಲ್ಲೇ ಇರುವ ಒಂದರಿಂದ ಐದರ ಪಠ್ಯಪುಸ್ತಕಗಳನ್ನು ಮೊದಲು ಓದಿ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಯನ್ನು ಇಲಾಖೆಯ ಕೀಲಿ ಉತ್ತರದೊಡನೆ ಬಿಡಿಸಿ. ಆಮೇಲೆ ಬೇಕಾದರೆ ಈ ತೆಳು ಪುಸ್ತಕ, ಎಂದೆ. ಒಪ್ಪಿ ತೆಗೆದುಕೊಂಡು ಹೋದರು. ಮರುವಾರ ಸಿಕ್ಕಾಗ ಕೈಚೀಲದಲ್ಲಿ ದಪ್ಪದ್ದೂ ಇತ್ತು. ‘ಭಾರವಿದ್ದರೆ ಒಂದು ಧೈರ್ಯ, ಸಾರ್’ ಎಂದರು.