ಆನ್‌ಲೈನ್ ಪಾತ್ರಕ್ರೀಡೆಗಳಲ್ಲಿ ಫಲವಿಚಾರ

೧

ರೂಪಕದಲ್ಲಿ ನಾಯಕನ ಕಾರ್ಯಕ್ಕೆ ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ ಎಂದು ಐದು ಅವಸ್ಥೆಗಳಿರುವುವೆಂದು ಭರತನನ್ನು ಅನುಸರಿಸಿ ಧನಂಜಯನು ದಶರೂಪಕದಲ್ಲಿ ನಿರೂಪಿಸಿರುವನು. ಫಲವನ್ನು ಪಡೆಯಬೇಕೆಂಬ ಔತ್ಸುಕ್ಯವೇ ಆರಂಭ. ಅದಕ್ಕಾಗಿ ತ್ವರೆಯಿಂದ ಪಡುವ ಪಾಡು ಯತ್ನ. ಉಪಾಯವೂ ಅಪಾಯದ ಶಂಕೆಯೂ ಬೆರೆತು, ಕಾರ್ಯವು ಕೈಗೂಡೀತೋ ಕೂಡದೋ ಎಂದು ಮನಸ್ಸು ತೂಗಾಡುವುದು ಪ್ರಾಪ್ತ್ಯಾಶೆ. ಅಪಾಯಗಳು ನೀಗಿ ಫಲವು ನಿಶ್ಚಯವಾಗುವುದು ನಿಯತಾಪ್ತಿ. ಅದು ಸಮಗ್ರವಾಗಿ ಕೈಸೇರುವುದು ಫಲಾಗಮ. ನಾಟಕವನ್ನು ನೋಡುವವನು ಈ ಐದನ್ನೂ ನಾಯಕನ ಮೂಲಕ ಅನುಭವಿಸುವನು. ಆದರೆ ನೋಡುವವನೇ ನಾಯಕನೂ ಆಗುವಂತಹ ಒಂದು ಕಲೆ ಈಚಿನ ಐವತ್ತು ವರ್ಷಗಳಲ್ಲಿ ಹುಟ್ಟಿ ಬೆಳೆದಿದೆ. ಆನ್‌ಲೈನ್ ಪಾತ್ರಕ್ರೀಡೆಯೇ ಅದು. ಅದರಲ್ಲಿ ಫಲಕ್ಕೂ ಯತ್ನಕ್ಕೂ ಇರುವ ಸಂಬಂಧವೆಂತಹುದು, ಲಕ್ಷಾಂತರ ಆಟಗಾರರು ಆ ಸಂಬಂಧವನ್ನು ಕುರಿತು ಮೇಲಿಂದ ಮೇಲೆ ಅಸಮಾಧಾನಪಡುವುದೇಕೆ ಎಂಬುದು ವಿಮರ್ಶಕರು ವಿಚಾರಿಸತಕ್ಕ ವಿಷಯ.

ಈ ಕಲೆಯ ಮೂಲವನ್ನು ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿ ಕಾಣಬಹುದು. ಅದನ್ನು ಮೇಜಿನ ಸುತ್ತ ಕುಳಿತು ಆಡುವರು. ಪಾತ್ರವು ಸಾಹಸಗಳಿಂದ ಅನುಭವಾಂಕಗಳನ್ನು ಗಳಿಸಿ, ಮಟ್ಟದಿಂದ ಮಟ್ಟಕ್ಕೆ ಏರುವ ಕ್ರಮ ಅಲ್ಲಿಂದ ಬಂದುದು. ೧೯೭೮ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ ‘ಮಡ್’ ಎಂಬ ಆಟವನ್ನು ಕಂಪ್ಯೂಟರಿನ ಮೇಲೆ ಆರಂಭಿಸಿದನು. ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದನು. ಅನೇಕರು ಒಂದೇ ಕಲ್ಪಿತಲೋಕವನ್ನು ಏಕಕಾಲದಲ್ಲಿ ಹೊಗಲು ಇದರಿಂದ ಸಾಧ್ಯವಾಯಿತು. ೧೯೯೯ರ ‘ಎವರ್‌ಕ್ವೆಸ್ಟ್’, ೨೦೦೪ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಇವೆರಡೂ ಈ ಪರಂಪರೆಯ ಮಹಾಕೃತಿಗಳು. ಎರಡನೆಯದು ಅತ್ಯಂತ ಪ್ರಸಿದ್ಧವೂ ದೀರ್ಘಾಯುವೂ ಆದುದರಿಂದ ಈ ವಿಚಾರಕ್ಕೆ ಮುಖ್ಯವಾದ ಲಕ್ಷ್ಯವಾಗತಕ್ಕುದು.

ಇದರಲ್ಲಿ ಆಟಗಾರನು ತಿಂಗಳಿಗೊಮ್ಮೆ ಚಂದಾ ತೆತ್ತು, ಯೋಧನನ್ನೋ ಮಾಂತ್ರಿಕನನ್ನೋ ಪಾತ್ರವಾಗಿ ಧರಿಸುವನು. ಶತ್ರುಗಳನ್ನು ಕೊಂದು, ಒಪ್ಪಿಸಿದ ಕಾರ್ಯಗಳನ್ನು ನೆರವೇರಿಸಿ ಮಟ್ಟಗಳನ್ನೇರುವನು. ಪರಮಮಟ್ಟವನ್ನು ಮುಟ್ಟಿದ ಮೇಲೆ ಸಂಗಡಿಗರ ಗುಂಪು ಕಟ್ಟಿಕೊಂಡು ಮಹಾಶತ್ರುಗಳನ್ನು ಇದಿರಿಸಿ, ಅವರು ಬಿಟ್ಟುಹೋಗುವ ಆಯುಧಕವಚಗಳನ್ನು ಪಡೆಯುವನು. ಇವುಗಳಿಗೆ ‘ಲೂಟ್’ ಎಂದು ಹೆಸರು. ಇಂಗ್ಲಿಷಿನ ಈ ಮಾತು ಹಿಂದೂಸ್ತಾನಿಯಿಂದ ಹೋದುದಾದಕಾರಣ, ಕನ್ನಡದಲ್ಲಿ ಲೂಟಿ ಎಂದರೆ ಸಾಕು.

೨

ಈ ಆಟಗಳನ್ನು ಹೊರಗಿನಿಂದ ನೋಡುವವರು ಸಾಮಾನ್ಯವಾಗಿ ಹೇಳುವ ಆಕ್ಷೇಪಣೆಯೊಂದುಂಟು: ಮಾಡಿದುದನ್ನೇ ಮಾಡಿಸುವುದರಿಂದ ಆಟಗಾರರು ಬೇಸರಗೊಳ್ಳುವರು ಎಂಬುದು. ಆಟಗಾರರು ಇದನ್ನು ‘ಗ್ರೈಂಡ್’, ಎಂದರೆ ಬೀಸುವಿಕೆ, ಎಂದು ಕರೆಯುವುದೂ ನಿಜ. ಆದರೆ ದೋಷವು ನಿಜವಾಗಿ ಇಲ್ಲಿಲ್ಲ. ಕನ್ನಡನಾಡಿನ ಹೆಣ್ಣುಮಕ್ಕಳು ಕೋಳಿ ಕೂಗುವ ಹೊತ್ತಿಗೆದ್ದು ರಾಗಿ ಬೀಸುತ್ತಿದ್ದರು. ಅದೇ ಕಲ್ಲು, ಅದೇ ಸುತ್ತು. ಆದರೂ ಆ ಕೆಲಸದ ಸಂಗಡ ಬೀಸುವ ಪದಗಳ ಒಂದು ರಾಶಿಯೇ ಬೆಳೆಯಿತು. ತೋಳು ಸೋತರೂ ಹಾಕಿದ ರಾಗಿಯು ಹಿಟ್ಟಾಗಿ ಬೀಳುತ್ತಿದ್ದಿತು. ಕಲ್ಲು ಸುತ್ತಿಯೂ ಹಿಟ್ಟು ಬೀಳದಿದ್ದರೆ, ಇಲ್ಲವೆ ಬಿದ್ದ ಹಿಟ್ಟನ್ನು ಸಂಜೆಗೆ ಯಾರೋ ಒಯ್ದುಬಿಟ್ಟರೆ, ಆಗ ಹುಟ್ಟುವ ವ್ಯಥೆಯೇ ಬೇರೆ.

ಇದಕ್ಕೆ ನಿದರ್ಶನವು ಆಟದ ಚರಿತ್ರೆಯಲ್ಲಿಯೇ ದೊರೆಯುವುದು. ೨೦೧೯ರ ಆಗಸ್ಟಿನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಮೊದಲಿನ ರೂಪವನ್ನೇ ‘ಕ್ಲಾಸಿಕ್’ ಎಂಬ ಹೆಸರಿನಿಂದ ಪುನಃ ತೆರೆದರು. ಅದರಲ್ಲಿ ೬೦ನೆಯ ಮಟ್ಟವನ್ನು ಮುಟ್ಟುವುದು ಹೊಸ ರೂಪಕ್ಕಿಂತ ಬಹಳ ನಿಧಾನ; ಕುದುರೆಯನ್ನೇರುವುದಕ್ಕೂ ೪೦ನೆಯ ಮಟ್ಟದವರೆಗೆ ಕಾಯಬೇಕು. ಹೀಗಿದ್ದರೂ ಮೊದಲ ದಿನಗಳಲ್ಲಿ ಒಳಹೊಗಲು ಗಂಟೆಗಟ್ಟಲೆ ಸರತಿ ನಿಲ್ಲಬೇಕಾದಷ್ಟು ಜನ ಬಂದರು. ಶ್ರಮವೇ ಅಸಹ್ಯವಾಗಿದ್ದರೆ ಅವರು ಸುಲಭವಾದುದನ್ನು ಬಿಟ್ಟು ಕಷ್ಟವಾದುದಕ್ಕೆ ಬರುತ್ತಿರಲಿಲ್ಲ.

ಎರಡನೆಯ ಆಕ್ಷೇಪಣೆ ಮನಶ್ಶಾಸ್ತ್ರದ್ದು. ಪ್ರತಿಫಲವು ಇಂತಿಷ್ಟನೆಯ ಬಾರಿಗೆಂದು ನಿಯಮವಿಲ್ಲದೆ ದೊರೆಯುತ್ತಿದ್ದರೆ ಪ್ರಾಣಿಯು ಎಡೆಬಿಡದೆ ಯತ್ನಿಸುತ್ತಿರುವುದೆಂದು ಸ್ಕಿನ್ನರ್ ಎಂಬ ಅಮೆರಿಕದ ವಿದ್ವಾಂಸನು ಪಾರಿವಾಳಗಳನ್ನು ಪರೀಕ್ಷಿಸಿ ತೋರಿಸಿದನು. ೧೯೫೭ರಲ್ಲಿ ಫರ್ಸ್ಟರ್ ಎಂಬವನೊಡನೆ ಆ ವಿಷಯವಾಗಿ ದೊಡ್ಡ ಗ್ರಂಥವನ್ನು ಹೊರತಂದನು. ಈ ಆಟಗಳೂ ಅಂತಹ ಪಂಜರಗಳೇ ಎಂದು ಹಲವರು ಹೇಳುವರು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಪಾರಿವಾಳಕ್ಕೂ ಆಟಗಾರನಿಗೂ ಭೇದವಿದೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಪರೀಕ್ಷಾಕಾಲದಲ್ಲಿ, ಬಹಳ ಹೊತ್ತು ಆಡಿದವನ ಪಾತ್ರವು ದಣಿದು ಅನುಭವಾಂಕಗಳು ಅರ್ಧಕ್ಕಿಳಿಯುವಂತೆ ನಿಯಮವಿತ್ತು. ಆಟಗಾರರು ಅದನ್ನು ದಂಡನೆಯೆಂದು ತಿರಸ್ಕರಿಸಿದರು. ರಚನಕಾರರು ಲೆಕ್ಕವನ್ನು ಹಾಗೆಯೇ ಇಟ್ಟು, ಕಡಮೆಯ ಪ್ರಮಾಣವನ್ನು ಸಹಜವೆಂದೂ ಹೆಚ್ಚಿನದನ್ನು ವಿಶ್ರಾಂತಿಯ ಫಲವೆಂದೂ ಕರೆದರು; ಅಸಮಾಧಾನವು ಶಮನವಾಯಿತು. ಅಂಕವು ಬದಲಾಗಲಿಲ್ಲ, ಅರ್ಥವು ಬದಲಾಯಿತು. ಪಾರಿವಾಳವು ಕಾಳನ್ನು ಎಣಿಸುವುದು. ಆಟಗಾರನು ತನ್ನ ಕಾರ್ಯಕ್ಕೆ ಲೋಕವು ಏನು ಹೇಳಿತೆಂಬುದನ್ನು ನೋಡುವನು. ಆದಕಾರಣ ಆತನ ದೂರನ್ನು ಚಟದ ಲಕ್ಷಣವೆಂದು ತಳ್ಳಿಬಿಡದೆ, ಸಹೃದಯನೊಬ್ಬನ ರಸಭಂಗವೆಂದು ಪರಿಗಣಿಸುವುದೇ ಯುಕ್ತ.

೩

ಈ ರಸಭಂಗಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು, ಪ್ರಾಪ್ತ್ಯಾಶೆಯು ನಿಯತಾಪ್ತಿಯಾಗಿ ಮಾಗದಿರುವುದು. ಲೂಟಿಯು ಬಹುಮಟ್ಟಿಗೆ ದಾಳದಂತೆ ಅದೃಷ್ಟಾಧೀನ. ವಾರಕ್ಕೊಮ್ಮೆ ಮಾತ್ರ ಕೊಲ್ಲಬಹುದಾದ ಶತ್ರುವೊಬ್ಬನಿಂದ ನೂರಕ್ಕೆ ಒಂದು ಪಾಲು ಸಂಭವವುಳ್ಳ ವಸ್ತುವೊಂದು ದೊರೆಯುವುದೆಂದು ಭಾವಿಸೋಣ. ನೂರು ವಾರ ಯತ್ನಿಸಿದರೆ ಅದು ದೊರೆತೇ ತೀರುವುದೆಂದು ತಿಳಿದವರು ಮೋಸಹೋಗುವರು. ಲೆಕ್ಕದ ಪ್ರಕಾರ, ಹಾಗೆ ಸುಮಾರು ಎರಡು ವರ್ಷ ದುಡಿದವರಲ್ಲಿ ನೂರಕ್ಕೆ ೩೭ ಮಂದಿ ಬರಿಗೈಯಲ್ಲಿಯೇ ಇರುವರು. ಇನ್ನೂ ನೂರು ವಾರ ಕಳೆದರೂ ೧೩ ಮಂದಿಗೆ ದೊರೆತಿರುವುದಿಲ್ಲ. ಇದಕ್ಕಿಂತಲೂ ಕ್ರೂರವಾದುದೆಂದರೆ, ಇನ್ನೂರೊಂದನೆಯ ವಾರದಲ್ಲಿಯೂ ಅವರ ಅವಕಾಶವು ಮೊದಲ ವಾರದಲ್ಲಿದ್ದಷ್ಟೇ ಇರುವುದು. ಹಿಂದಿನ ಯತ್ನಗಳ ನೆನಪು ದಾಳಕ್ಕಿಲ್ಲ. ನಿನ್ನೆ ಬಂದವನಿಗೆ ಮೊದಲ ಸಲವೇ ಅದು ದೊರೆತರೆ, ಹಳಬನಿಗೆ ಉಂಟಾಗುವುದು ಬರಿಯ ಹೊಟ್ಟೆಕಿಚ್ಚಲ್ಲ. ಲೋಕದಲ್ಲಿ ನ್ಯಾಯವಿಲ್ಲವೆಂಬ ಭಾವನೆ.

ಆಟಗಾರರು ಈ ನ್ಯಾಯವನ್ನು ತಾವೇ ಕಟ್ಟಿಕೊಂಡುದೂ ಉಂಟು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಆದಿಕಾಲದ ‘ಮೋಲ್ಟನ್ ಕೋರ್’ ಎಂಬ ಗುಹೆಯನ್ನು ೪೦ ಮಂದಿ ಕೂಡಿ ಹೊಗುತ್ತಿದ್ದರು. ಸತ್ತ ಶತ್ರುವಿನಿಂದ ದೊರೆಯುತ್ತಿದ್ದುದು ಬೆರಳಲ್ಲೆಣಿಸಬಹುದಾದಷ್ಟು ವಸ್ತುಗಳು. ಅವನ್ನು ಹಂಚಲು, ‘ಎವರ್‌ಕ್ವೆಸ್ಟ್’ನ ಆಟಗಾರರು ಕಲ್ಪಿಸಿದ್ದ ಒಂದು ಖಾತೆಯ ಪದ್ಧತಿಯನ್ನೇ ಅನೇಕ ಗಿಲ್ಡುಗಳು ಅನುಸರಿಸಿದವು. ಬಂದು ಹೋರಾಡಿದವನ ಹೆಸರಿಗೆ ಅಂಕಗಳು ಜಮಾ. ವಸ್ತು ಪಡೆದವನ ಹೆಸರಿಗೆ ಖರ್ಚು. ದಾಳವು ಮರೆತುದನ್ನು ಗಿಲ್ಡಿನ ಲೆಕ್ಕದ ಪುಸ್ತಕವು ನೆನಪಿಟ್ಟಿತು. ರಚನಕಾರರು ಬಿಟ್ಟ ಕೊರತೆಯೇನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಎರಡನೆಯದು, ಕೈಸೇರಿದ ಫಲವನ್ನು ಹಿಂತೆಗೆಯುವುದು. ೨೦೦೭ರ ಜನವರಿಯಲ್ಲಿ ಆಟಕ್ಕೆ ಮೊದಲ ಅನುಬಂಧ ಬಂದು ಪರಮಮಟ್ಟವು ೬೦ರಿಂದ ೭೦ಕ್ಕೇರಿತು. ತಿಂಗಳುಗಟ್ಟಲೆ ೪೦ ಮಂದಿಯ ಕೂಟದಲ್ಲಿ ದುಡಿದು ಪಡೆದ ನೇರಳೆಬಣ್ಣದ ಮಹಾವಸ್ತುಗಳಲ್ಲಿ ಅನೇಕಕ್ಕೆ, ಹೊಸ ನಾಡಿನ ಮೊದಲ ಸಣ್ಣ ಕಾರ್ಯಗಳಿಗೆ ಸಿಕ್ಕುವ ಹಸುರುಬಣ್ಣದ ಸಾಮಾನ್ಯ ವಸ್ತುಗಳು ಸಾಟಿಯಾಗಿ ನಿಂತವು. ಮಟ್ಟವು ಹೀಗೆಯೇ ಏರುತ್ತ ೨೦೧೮ರಲ್ಲಿ ೧೨೦ನ್ನು ಮುಟ್ಟಿತು. ೨೦೨೦ರಲ್ಲಿ ಅದನ್ನು ಮತ್ತೆ ೬೦ಕ್ಕೆ ಕುಗ್ಗಿಸಿದರು. ೨೦೧೬ರ ‘ಲೀಜನ್’ ಎಂಬ ಅನುಬಂಧದಲ್ಲಂತೂ ಪ್ರತಿಯೊಬ್ಬ ಆಟಗಾರನಿಗೂ ಪುರಾಣಪ್ರಸಿದ್ಧವಾದ ಆಯುಧವೊಂದನ್ನು ಕೊಟ್ಟು, ಎರಡು ವರ್ಷ ಅದಕ್ಕೆ ಶಕ್ತಿಯೂಡುವ ಕೆಲಸದಲ್ಲಿ ತೊಡಗಿಸಿದರು. ೨೦೧೮ರಲ್ಲಿ ಕಥೆಯ ನೆಪದಿಂದ ಆ ಶಕ್ತಿಯೆಲ್ಲವನ್ನೂ ಆರಿಸಿದರು. ಮುಂದಿನ ಅನುಬಂಧದಲ್ಲಿ ಕೊರಳಹಾರವೊಂದನ್ನು ಕೊಟ್ಟು, ಅದನ್ನೂ ಹೀಗೆಯೇ ನಿಷ್ಫಲಮಾಡಿದರು. ಇದಕ್ಕೆ ಆಟಗಾರರು ಇಟ್ಟ ಹೆಸರು ‘ಎರವಲು ಶಕ್ತಿ’. ಮದುವೆಗೆ ಎರವಲು ತಂದ ಒಡವೆಯನ್ನು ಮರಳಿಸುವಾಗ ಯಾರಿಗೂ ದುಃಖವಾಗದು, ಅದು ಎರವಲೆಂದು ತಿಳಿದೇ ತೊಟ್ಟುದರಿಂದ. ತನ್ನ ದುಡಿಮೆಯಿಂದ ಮಾಡಿಸಿದುದೆಂದು ನಂಬಿ ತೊಟ್ಟ ಒಡವೆಯು ಎರವಲೆಂದು ಅನಂತರ ತಿಳಿದರೆ, ಅದು ವಂಚನೆಯಂತೆ ತೋರುವುದು.

ಮೂರನೆಯದು ಹೆಚ್ಚು ಸೂಕ್ಷ್ಮ: ಫಲವು ಕೈಯಲ್ಲಿದ್ದರೂ ಕಾಣದಂತಾಗುವುದು. ೨೦೧೮ರ ಜನವರಿಯಲ್ಲಿ ಹಳೆಯ ನಾಡುಗಳ ಶತ್ರುಗಳೂ ಆಟಗಾರನ ಮಟ್ಟವನ್ನನುಸರಿಸಿ, ಗೊತ್ತಾದ ಮಿತಿಯೊಳಗೆ, ಬಲಗೊಳ್ಳುವಂತೆ ಏರ್ಪಾಡಾಯಿತು. ಯಾವ ದಾರಿಯಲ್ಲಿ ಬೇಕಾದರೂ ತಿರುಗಲು ಇದರಿಂದ ಅನುಕೂಲವಾಯಿತೆಂಬುದು ಸತ್ಯ. ಆದರೆ ಹತ್ತು ಏಟಿಗೆ ಬೀಳುತ್ತಿದ್ದ ತೋಳವು ಐದು ಮಟ್ಟಗಳನ್ನೇರಿದ ಮೇಲೆಯೂ ಹತ್ತು ಏಟಿಗೇ ಬಿದ್ದರೆ, ಏರಿದುದೇನು? ಅಳೆಯುವ ಕೋಲೂ ಬೆಳೆಯುತ್ತಿದ್ದರೆ ಮಗು ಬೆಳೆದುದು ಕಾಣದು.

೪

ರಚನಕಾರರ ಪಕ್ಷವನ್ನೂ ಕೇಳುವುದು ನ್ಯಾಯ. ನಾಟಕವು ಒಂದು ರಾತ್ರಿಗೆ ಮುಗಿಯುವುದು. ಈ ಲೋಕವು ಮುಗಿಯಬಾರದು. ಎಲ್ಲರಿಗೂ ಫಲಾಗಮವಾಗಿಬಿಟ್ಟರೆ ಚಂದಾ ನಿಲ್ಲುವುದು, ಲೋಕವೂ ಬರಿದಾಗುವುದು. ಹೊಸದಾಗಿ ಬಂದವನು ಹಳಬರ ಸಂಗಡ ಸೇರಬೇಕಾದರೆ ಹಳಬರ ಗಳಿಕೆಯು ಸ್ವಲ್ಪ ಸವೆಯಲೇಬೇಕು. ಅಲ್ಲದೆ ಅದೃಷ್ಟದಿಂದ ಬರುವ ಅದ್ಭುತಕ್ಕೂ ಸ್ಥಾನವುಂಟು. ಎಣಿಸಿದ ದಿನಕ್ಕೆ ಎಣಿಸಿದಷ್ಟೇ ಬರುವುದು ಸಂಬಳ, ಸಾಹಸದ ಫಲವಲ್ಲ. ಮಟ್ಟವನ್ನೇರಿಸದೆಯೂ ಆಟ ನಡೆಯಬಹುದೆಂಬುದಕ್ಕೆ, ತಿಂಗಳ ಚಂದಾ ಇಲ್ಲದ ‘ಗಿಲ್ಡ್ ವಾರ್ಸ್ ೨’ ಸಾಕ್ಷಿ. ೨೦೧೨ರಲ್ಲಿ ೮೦ನೆಯದನ್ನು ಪರಮಮಟ್ಟವಾಗಿಟ್ಟುಕೊಂಡು ಹೊರಟ ಅದು, ಅನಂತರದ ಅನುಬಂಧಗಳಲ್ಲಿ ಅದನ್ನು ಏರಿಸಲಿಲ್ಲ. ಆದರೂ ಅದೇ ವರ್ಷದ ನವೆಂಬರಿನಲ್ಲಿ ಇದ್ದ ವಸ್ತುಗಳಿಗಿಂತ ಮೇಲಾದ ಒಂದು ಹೊಸ ವರ್ಗವನ್ನು ತಂದಾಗ, ಮಾತು ತಪ್ಪಿತೆಂದು ಅನೇಕರು ಕೋಪಗೊಂಡರು. ಫಲದ ಸ್ಥೈರ್ಯವನ್ನು ಆಟಗಾರರು ಎಷ್ಟು ಬೆಲೆಯುಳ್ಳದ್ದೆಂದು ಬಗೆಯುವರೆಂಬುದು ಇದರಿಂದ ವ್ಯಕ್ತವಾಗುವುದು.

ದೋಷವನ್ನು ಒಪ್ಪಿ ತಿದ್ದಿಕೊಂಡ ಉದಾಹರಣೆಯೂ ಇಲ್ಲದಿಲ್ಲ. ೨೦೧೨ರ ‘ಡಯಾಬ್ಲೊ ೩’ ಎಂಬ ಆಟದಲ್ಲಿ ಲೂಟಿಯನ್ನು ನಿಜವಾದ ಹಣಕ್ಕೂ ಮಾರಿಕೊಳ್ಳುವಂತೆ ಹರಾಜುಕಟ್ಟೆಯಿತ್ತು. ಒಳ್ಳೆಯ ಆಯುಧವು ಶತ್ರುವಿನಿಂದ ಬರುವುದಕ್ಕಿಂತ ಸುಲಭವಾಗಿ ಸಂತೆಯಿಂದ ಬರುವುದಾದರೆ ಶತ್ರುವನ್ನು ಕೊಲ್ಲುವುದೇಕೆ ಎಂಬ ಪ್ರಶ್ನೆ ಎದ್ದಿತು. ರಚನಕಾರರು ೨೦೧೪ರ ಮಾರ್ಚಿನಲ್ಲಿ ಆ ಕಟ್ಟೆಯನ್ನು ಮುಚ್ಚಿದರು. ಅದಕ್ಕೆ ಮುಂಚೆಯೇ, ದೊರೆಯುವ ಲೂಟಿಯು ಆಯಾ ಪಾತ್ರಕ್ಕೆ ಹೆಚ್ಚಾಗಿ ಒದಗುವಂತೆ ಕ್ರಮವನ್ನು ಬದಲಾಯಿಸಿದ್ದರು. ಫಲವು ಮತ್ತೆ ಯತ್ನದ ಬಳಿಗೆ ಬಂದಿತು.

ಇದರಿಂದ ನಿರ್ಣಯವು ಸ್ಪಷ್ಟವಾಗುವುದು. ಕೊನೆಯಿಲ್ಲದ ಆಟವು ಸಂಪೂರ್ಣವಾದ ಫಲಾಗಮವನ್ನು ಕೊಡಲಾರದು. ಅದನ್ನು ಬೇಡುವುದೂ ಉಚಿತವಲ್ಲ. ಆದರೆ ನಿಯತಾಪ್ತಿಯನ್ನು ಕೊಡಬಲ್ಲದು. ಪ್ರತಿಯೊಂದು ನಿಷ್ಫಲಯತ್ನದಿಂದಲೂ ಮುಂದಿನ ಯತ್ನದ ಅವಕಾಶವು ಸ್ವಲ್ಪ ಹೆಚ್ಚುವಂತೆ ಮಾಡಬಹುದು. ಎರವಲಾಗಿ ಕೊಡುವುದನ್ನು ಎರವಲೆಂದು ಮೊದಲೇ ಹೇಳಬಹುದು. ಕಾಲಕ್ರಮದಲ್ಲಿ ಆಯುಧದ ಬಲವು ಕುಗ್ಗಬೇಕಾದರೂ, ಅದನ್ನು ಗೆದ್ದವನೆಂಬ ಹೆಸರನ್ನೂ ಗುರುತನ್ನೂ ಉಳಿಸಬಹುದು. ಹಳೆಯ ವಸ್ತುಗಳ ರೂಪವನ್ನು ಹೊಸವುಗಳ ಮೇಲೆ ಧರಿಸುವ ಅನುಕೂಲವು ಆಟಗಾರರಿಗೆ ಪ್ರಿಯವಾಗಿರುವುದು ಈ ಕಾರಣದಿಂದಲೇ. ಆಟಗಾರನು ಕೇಳುವುದು ಬಲದ ಅಂಕಗಳನ್ನಷ್ಟೇ ಅಲ್ಲ. ತಾನು ಸಂಗಡಿಗರೊಡನೆ ಕಳೆದ ರಾತ್ರಿಗಳನ್ನು ಆ ಲೋಕವು ನೆನಪಿಟ್ಟಿದೆಯೆಂಬ ಒಂದು ಕುರುಹನ್ನು ಕೇಳುವನು. ಮನುಷ್ಯರ ಆಯುಷ್ಯದಲ್ಲಿ ಸಾವಿರಾರು ಗಂಟೆಗಳನ್ನು ಪಡೆದುಕೊಳ್ಳುವ ಕಲೆಗೆ ಇಷ್ಟು ನೆನಪಾದರೂ ಕರ್ತವ್ಯವಾಗಿರುವುದು.