ಬಣ್ಣ ಹಾಕದ ಟೋಪಿ

ಜಾನ್ ವೂಲ್‌ಮನ್ನನ ದಿನಚರಿ ಅವಸರದ ಓದಿಗೆ ದಕ್ಕುವುದಿಲ್ಲ. ನ್ಯೂಜೆರ್ಸಿಯ ಮೌಂಟ್ ಹಾಲಿಯಲ್ಲಿ ದರ್ಜಿಯಾಗಿದ್ದ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಈತ 1772ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸಿಡುಬಿನಿಂದ ತೀರಿಕೊಂಡ; ಪುಸ್ತಕ ಅಚ್ಚಾದದ್ದು 1774ರಲ್ಲಿ.

ಅವನ ಕಾಲದ ಕ್ವೇಕರರ ಸಭೆಗೆ ಪಾದ್ರಿಯಿಲ್ಲ. ಎಲ್ಲರೂ ಸುಮ್ಮನೆ ಕೂತಿರುತ್ತಾರೆ, ಒಳಗಿನಿಂದ ಪ್ರೇರಣೆಯಾದವರು ಎದ್ದು ನಾಲ್ಕು ಮಾತಾಡುತ್ತಾರೆ. ದೇವರು ಬೈಬಲ್ಲಿನ ಕಾಲಕ್ಕೇ ಮಾತು ನಿಲ್ಲಿಸಿಲ್ಲ ಎಂಬುದು ಪಂಥ ಕಟ್ಟಿದ ಜಾರ್ಜ್ ಫಾಕ್ಸ್‌ನಿಂದ ಬಂದ ನಂಬಿಕೆ. ಹಾಗಾದರೆ ತಲೆಗೆ ಹೊಳೆದದ್ದೆಲ್ಲ ದೈವವಾಣಿಯೇ? 1676ರಲ್ಲಿ ಕ್ವೇಕರ್ ಚಿಂತಕ ರಾಬರ್ಟ್ ಬಾರ್ಕ್ಲೇ ಲ್ಯಾಟಿನ್ನಿನಲ್ಲಿ ಉತ್ತರ ಬರೆದ: ಒಳಗಿನ ದರ್ಶನ ಧರ್ಮಗ್ರಂಥಕ್ಕಾಗಲಿ ಸರಿಯಾದ ವಿವೇಕಕ್ಕಾಗಲಿ ವಿರುದ್ಧ ಹೋಗದು, ಹಾಗೆಂದು ಅವೆರಡರ ಅಪ್ಪಣೆಗೆ ಕಾಯಬೇಕಾದದ್ದೂ ಅಲ್ಲ. ತರ್ಕ ಬಲ್ಲವರಿಗೆ ಇದು ಎರಡು ದೋಣಿಯಲ್ಲಿ ಕಾಲಿಟ್ಟಂತೆ ಕಂಡೀತು. ನನಗೂ ಕಂಡಿತ್ತು, ಟೋಪಿಯ ಪ್ರಸಂಗ ಓದುವವರೆಗೆ.

ಬಣ್ಣ ಬಟ್ಟೆಯ ಕೊಳೆಯನ್ನು ಮುಚ್ಚಿಡುತ್ತದೆ, ಕೆಲವು ಬಣ್ಣಗಳು ಬಟ್ಟೆಯನ್ನೇ ಕೆಡಿಸುತ್ತವೆ ಎಂದು ವೂಲ್‌ಮನ್‌ಗೆ ಅನ್ನಿಸಿತು. ಅಷ್ಟು ಲೆಕ್ಕ ಯಾವ ಮನೆಯ ಅಜ್ಜಿಯಾದರೂ ಹೇಳಿಯಾಳು. ಬಣ್ಣದ ಬಟ್ಟೆ ಬಿಡಲೇಬೇಕೆಂಬ ಒತ್ತಾಯ ಮಾತ್ರ ಇನ್ನೆಲ್ಲಿಂದಲೋ ಬಂತು. ಬಂದರೂ ಸುಮಾರು ಒಂಬತ್ತು ತಿಂಗಳು ಹಳೆಯ ಬಟ್ಟೆಯನ್ನೇ ತೊಟ್ಟ. ಎಲ್ಲರಿಗಿಂತ ಬೇರೆಯಾಗಿ ಕಾಣುವ ಮುಜುಗರ. ಕೊನೆಗೆ ತುಪ್ಪಳದ ಸಹಜ ಬಣ್ಣದ ಟೋಪಿ ತರಿಸಿಕೊಂಡರೆ, ಅದೇ ಹೊತ್ತಿಗೆ ಶೋಕಿಯವರಲ್ಲಿ ಬಿಳಿ ಟೋಪಿಯ ಫ್ಯಾಷನ್! ಕಾರಣ ತಿಳಿಯದೆ ಸಭೆಯ ಕೆಲವರು ದೂರ ಸರಿದರು. ಅವನು ವಾದಕ್ಕಿಳಿಯಲಿಲ್ಲ, ಸ್ನೇಹದಿಂದ ಕೇಳಿದವರಿಗೆ, ಇದು ನನ್ನಿಷ್ಟಕ್ಕೆ ತೊಟ್ಟದ್ದಲ್ಲ ಎಂದಷ್ಟೇ ಹೇಳಿದ. ದೇವರು ಹೇಳಿದನೆಂದು ಎದೆ ತಟ್ಟಿಕೊಳ್ಳದ ಈ ನಾಚಿಕೆಯೇ ಪುಸ್ತಕದ ರುಚಿ.

ಇದಕ್ಕೂ ಮೊದಲಿನ ಪುಟಗಳು ಇನ್ನೂ ನಿಧಾನ ಬೇಡುತ್ತವೆ. ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ಗುಲಾಮ ಹೆಂಗಸೊಬ್ಬಳ ಮಾರಾಟಪತ್ರ ಬರೆದುಕೊಡಲು ಯಜಮಾನ ಹೇಳುತ್ತಾನೆ. ಕೊಳ್ಳುವವನು ಎದುರಿಗೇ ಕಾದಿದ್ದಾನೆ, ಅವನೂ ಕ್ವೇಕರ್, ವಯಸ್ಸಾದವನು. ವೂಲ್‌ಮನ್ ಬರೆದುಕೊಡುತ್ತಾನೆ. ಮನಸ್ಸು ತಡೆಯದೆ, ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತಧರ್ಮಕ್ಕೆ ಒಗ್ಗದು ಎಂದು ಇಬ್ಬರೆದುರೂ ಹೇಳುತ್ತಾನೆ. ಹೇಳಿದರೂ ಪೂರ್ತಿ ಸಮಾಧಾನವಿಲ್ಲ: ಬರೆದದ್ದು ಬರೆದದ್ದೇ. ಕೆಲಕಾಲದ ಮೇಲೆ ಕ್ವೇಕರ್ ಯುವಕನೊಬ್ಬ ಅಂಥದೇ ಪತ್ರ ಬರೆಸಲು ಬಂದಾಗ ಆಗದು ಎನ್ನುತ್ತಾನೆ. ಯುವಕ ಸಿಟ್ಟಾಗುವುದಿಲ್ಲ. ತನಗೂ ಅದು ಪೂರಾ ಒಪ್ಪಿಗೆಯಿರಲಿಲ್ಲ, ಹೆಂಡತಿಗೆ ಉಡುಗೊರೆಯಾಗಿ ಬಂದಳೆಂದು ಇಟ್ಟುಕೊಂಡೆ, ಎನ್ನುತ್ತಾನೆ.