ಆಟ ಹುಡುಗರದ್ದು, ಅಂಗಳ ಯಾರದ್ದು?

ಭದ್ರಾವತಿಯ ಪೇಪರ್ ಟೌನಿನಲ್ಲಿರುವ ತಂಗಿಯ ಮನೆಗೆ ಹೋದಾಗಲೆಲ್ಲ ನಮ್ಮೆದುರು ಒಂದು ದೂರು ಬರುತ್ತದೆ. ಮಗ ಓದುವುದಿಲ್ಲ, ರಾತ್ರಿ ಎರಡರವರೆಗೆ ಪಬ್ಜಿ ಆಡುತ್ತಾನೆ, ಕೇಳಿದರೆ ಪ್ರಾಕ್ಟೀಸ್ ಎನ್ನುತ್ತಾನೆ. ಓದಿದವನು ನವಾಬನಾಗುತ್ತಾನೆ, ಆಡಿದವನು ಕೆಟ್ಟುಹೋಗುತ್ತಾನೆ ಎಂಬ ಅರ್ಥದ ಹಳೆಯ ಉರ್ದು ಮಾತನ್ನು ನಮ್ಮ ಮೇಷ್ಟ್ರುಗಳು ನಮಗೆ ಹೇಳಿದ್ದಕ್ಕಿಂತ ಹೆಚ್ಚು ಸಲ ಅವಳು ಮಗನಿಗೆ ಹೇಳಿದ್ದಾಳೆ. ಹುಡುಗ ಬೇಸರಿಸದೆ ಒಂದೇ ಉತ್ತರ ಕೊಡುತ್ತಾನೆ: "ಇದೂ ಸ್ಪೋರ್ಟ್ಸೇ ಮಾಮೂ. ಸರ್ಕಾರವೇ ಹೇಳಿದೆ."

ಸರ್ಕಾರ ಹೇಳಿರುವುದು ನಿಜ. 2022ರ ಡಿಸೆಂಬರಿನಲ್ಲಿ ಇ-ಸ್ಪೋರ್ಟ್ಸ್ ಕೇಂದ್ರದ ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ಬಂತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸಿಗೆ ಬೇರೆಯಾಗಿ ಮನ್ನಣೆ ಕೊಟ್ಟಿತು. ಮೊಬೈಲಿನಲ್ಲಿ ಆಡುವುದೆಲ್ಲ ಜೂಜು ಎಂದು ತಿಳಿದಿರುವ ನಮ್ಮ ಮೊಹಲ್ಲಾದ ಹಿರಿಯರು ಈ ವ್ಯತ್ಯಾಸವನ್ನು ಗಮನಿಸಬೇಕು. ಆನ್‌ಲೈನ್ ರಮ್ಮಿಯಲ್ಲಿ ಆಡುವವನು ತನ್ನ ಜೇಬಿನ ಹಣವನ್ನೇ ಪಣಕ್ಕಿಡುತ್ತಾನೆ. ಇಲ್ಲಿ ಇರುವುದು ಟೂರ್ನಿ ನಡೆಸುವವರು ಕೊಡುವ ಬಹುಮಾನ, ವಾಲಿಬಾಲ್ ಪಂದ್ಯದಲ್ಲಿ ಇರುವ ಹಾಗೆ.

ಹಾಗಾದರೆ ಇದು ಕ್ರೀಡೆಯೇ? ತೀರ್ಪು ಕೊಡುವ ಮೊದಲು ನೋಡೋಣವೆಂದು ಒಂದು ಭಾನುವಾರ ಹುಡುಗನ ಪಕ್ಕ ಕೂತೆವು. ನಾಲ್ಕು ಜನರ ಹದಿನಾರು ತಂಡಗಳು, ಒಟ್ಟು 64 ಮಂದಿ, ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತಾರೆ. ಸುತ್ತಲಿನ ವೃತ್ತ ಕಿರಿದಾಗುತ್ತ ಹೋಗುತ್ತದೆ, ಒಳಗೆ ಉಳಿದವರು ಪರಸ್ಪರ ಹೊಡೆದುಹಾಕುತ್ತಾರೆ. ಎಷ್ಟನೆಯ ಸ್ಥಾನದವರೆಗೆ ಉಳಿದರು, ಎಷ್ಟು ಜನರನ್ನು ಕೆಡವಿದರು, ಎರಡಕ್ಕೂ ಅಂಕ. ಮೊದಲೆರಡು ಪಂದ್ಯ ನಮಗೆ ತಲೆಬುಡ ತಿಳಿಯಲಿಲ್ಲ. ಮೂರನೆಯದರಲ್ಲಿ ಒಬ್ಬ ಆಟಗಾರ ಗೋಡೆಯ ಮರೆಯಲ್ಲಿ ಅಲ್ಲಾಡದೆ ನಿಂತ. ಯಾಕೆ ಹೊಡೆಯುತ್ತಿಲ್ಲ ಎಂದೆವು. "ಕೇಳಿಸಿಕೊಳ್ತಿದಾನೆ ಮಾಮೂ. ಮೆಟ್ಟಿಲ ಮೇಲೆ ಇಬ್ಬರು ಬರ್ತಿದಾರೆ." ಇಯರ್‌ಫೋನಿನಲ್ಲಿ ಹೆಜ್ಜೆ ಸಪ್ಪಳ ಎಣಿಸಿ, ದಿಕ್ಕು ಊಹಿಸಿ, ಕಣ್ಣು ಮಿಟುಕಿಸುವುದರೊಳಗೆ ಇಬ್ಬರನ್ನೂ ಆತ ಕೆಡವಿದಾಗ ನಮ್ಮ ಬಾಯಿಂದಲೂ ವಾಹ್ ಬಂತು.

ಮೈ ಬೆವರದ ಮೇಲೆ ಎಂಥ ಕ್ರೀಡೆ ಎಂಬ ಆಕ್ಷೇಪ ಅಲ್ಲಿಗೇ ಬಿತ್ತು. ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಇದೇ ಭದ್ರಾವತಿಯಲ್ಲಿ, 1949ರಲ್ಲಿ. ಕಾನ್ಪುರದಲ್ಲಿ 1969ರಲ್ಲಿ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆಗೆ ಔಟಾಗಿ, ಎರಡನೆಯದರಲ್ಲಿ 137 ಹೊಡೆದ ಆ ಕುಳ್ಳ ಮನುಷ್ಯನ ಸ್ಕ್ವೇರ್ ಕಟ್ಟಿನಲ್ಲಿ ಜನ ಮೆಚ್ಚಿದ್ದು ತೋಳಿನ ಬಲವನ್ನಲ್ಲ, ಮಣಿಕಟ್ಟನ್ನು. ಮಣಿಕಟ್ಟಿಗೆ ಸಲ್ಲುವ ಗೌರವ ಹೆಬ್ಬೆರಳಿಗೆ ಸಲ್ಲಬಾರದೆಂದು ವಾದಿಸುವುದು ಕಷ್ಟ.

ನಮ್ಮ ತಕರಾರುಗಳು ಬೇರೆ. ಕತೆ ಬರೆಯುವವರಾಗಿ ಮೊದಲು ಕಂಡದ್ದು ಅದರ ಪದಗಳು. ಭಾರತದ ಆವೃತ್ತಿಯಲ್ಲಿ ಕೊಂದದ್ದನ್ನು ಕೊಂದದ್ದು ಎನ್ನುವುದಿಲ್ಲ, 'ಫಿನಿಶ್' ಎನ್ನುತ್ತಾರೆ. ನೆತ್ತರಿಗೆ ಹಸಿರು ಬಣ್ಣ. ಸಾವಿಗೆ ಇಷ್ಟು ನಯವಾದ ಹೆಸರಿಟ್ಟ ಮಾತ್ರಕ್ಕೆ ಬಂದೂಕು ಬ್ಯಾಟಾಗುವುದಿಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸಿಗೆ ಮೊದಲ ಬಾರಿ ಅಧಿಕೃತ ಪದಕಗಳು ಸಿಕ್ಕವು. ಇದೇ ಪಬ್ಜಿ ಅಲ್ಲಿ ಸೇರಬೇಕಾದರೆ ಆಟಗಾರರು ಒಬ್ಬರನ್ನೊಬ್ಬರು ಹೊಡೆಯುವುದನ್ನು ಬಿಟ್ಟು, ಗುರಿಗಳಿಗೆ ಮಾತ್ರ ಹೊಡೆಯುವ ಹೊಸ ಆವೃತ್ತಿಯನ್ನು ಮಾಡಬೇಕಾಯಿತು. ಕ್ರೀಡಾಂಗಣದ ಬಾಗಿಲಲ್ಲೇ ಆಟದ ಜೀವಾಳವನ್ನು ಕಳಚಿಟ್ಟು ಒಳಗೆ ಹೋದ ಹಾಗಾಯಿತು.

ನೋಡುವವನ ಪಾಡೂ ಇದೆ. ಕಬಡ್ಡಿಯಲ್ಲಿ ಇಡೀ ಅಂಗಳ ಕಣ್ಣೆದುರಿಗಿರುತ್ತದೆ. ಇಲ್ಲಿ 64 ಜನರಲ್ಲಿ ಯಾರ ಬೆನ್ನು ಹತ್ತಬೇಕೆಂದು ನಿರ್ಧರಿಸುವವನು ಎಲ್ಲೋ ಕೂತ ಕ್ಯಾಮೆರಾದವನು. ಪಂದ್ಯ ತಿರುಗಿದ ಕ್ಷಣ ಬಹಳ ಸಲ ಬೇರೆಲ್ಲೋ ಆಗಿಹೋಗಿ, ನಮಗೆ ಆಮೇಲೆ ರಿಪ್ಲೇಯಲ್ಲಿ ದೊರೆಯುತ್ತದೆ. ವೀಕ್ಷಕ ವಿವರಣೆಗಾರರ ಕೂಗಾಟದಿಂದ ಆ ಕೊರತೆ ತುಂಬುವುದಿಲ್ಲ.

ಇವೆಲ್ಲ ಸಣ್ಣ ಮಾತು. ದೊಡ್ಡ ಮಾತೆಂದರೆ, ಈ ಅಂಗಳಕ್ಕೆ ಒಬ್ಬ ಮಾಲೀಕನಿದ್ದಾನೆ. ಕಬಡ್ಡಿ ಯಾರ ಸೊತ್ತೂ ಅಲ್ಲ; ಶಿವಮೊಗ್ಗದ ಯಾವ ಮೈದಾನದಲ್ಲಾದರೂ ಸುಣ್ಣದ ಗೆರೆ ಎಳೆದರೆ ಆಟ ಶುರು. ಪಬ್ಜಿ 2020ರ ಸೆಪ್ಟೆಂಬರ್ 2ರಂದು ನಿಷೇಧವಾಯಿತು. 2021ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ ಅದನ್ನು ಬಿಜಿಎಂಐ ಎಂಬ ಹೆಸರಿನಲ್ಲಿ ತಂದು, ಮೊದಲ ಸರಣಿಗೇ 1 ಕೋಟಿ ರೂಪಾಯಿ ಬಹುಮಾನವಿಟ್ಟಿತು. 2022ರ ಜುಲೈಯಲ್ಲಿ ಸರ್ಕಾರದ ಆದೇಶದಿಂದ ಮತ್ತೆ ಮಾಯ. ಹತ್ತು ತಿಂಗಳ ನಂತರ 2023ರ ಮೇಯಲ್ಲಿ ಮರಳಿತು. ಈ ಆಟವನ್ನೇ ನಂಬಿದ್ದವರಿಗೆ ಆ ಹತ್ತು ತಿಂಗಳು ಚೆಂಡೂ ಇಲ್ಲ, ಮೈದಾನವೂ ಇಲ್ಲ. ಆಟ ಇದ್ದಾಗಲೂ ಒಂದು ಅಪ್‌ಡೇಟ್ ಬಂದರೆ ನಿನ್ನೆಯವರೆಗೆ ಕೈಗೂಡಿದ್ದ ಬಂದೂಕು ಇವತ್ತು ಬೇರೆ ರೀತಿ ಹೊಡೆಯಬಹುದು. ದಕ್ಷಿಣ ಕೊರಿಯಾದಲ್ಲಿ 2000ದಲ್ಲೇ ಇ-ಸ್ಪೋರ್ಟ್ಸ್ ಸಂಘ ಕಟ್ಟಿಕೊಂಡವರೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಸ್ಟಾರ್‌ಕ್ರಾಫ್ಟ್ ಪಂದ್ಯಗಳನ್ನು ಪ್ರಸಾರ ಮಾಡುವ ಹಕ್ಕಿಗಾಗಿ ಅದನ್ನು ತಯಾರಿಸಿದ ಅಮೆರಿಕದ ಕಂಪನಿಯೊಂದಿಗೆ ಜಗಳವೇ ನಡೆಯಿತು.

ಇದನ್ನೆಲ್ಲ ಹುಡುಗನಿಗೆ ಹೇಳಿದೆವು. ಅವನು ಫೋನಿನಿಂದ ತಲೆಯೆತ್ತಿ ಕೇಳಿದ: "ದಾದಾ ದುಡಿದ ಕಾರ್ಖಾನೆ ದಾದಾನದ್ದಾಗಿತ್ತಾ ಮಾಮೂ?"

ಈ ಊರಿನಲ್ಲಿ ಆ ಪ್ರಶ್ನೆಗೆ ತಟ್ಟನೆ ಉತ್ತರ ಹೇಳಲಾಗದು. 1936ರಲ್ಲಿ ಶುರುವಾದ ಕಾಗದ ಕಾರ್ಖಾನೆ 2015ರಲ್ಲಿ ನಿಂತಿತು; ಕನ್ನಡದ ಎಷ್ಟೋ ಪತ್ರಿಕೆಗಳು ಅದರ ಕಾಗದದ ಮೇಲೆ ಅಚ್ಚಾಗಿದ್ದವು. 1923ರಿಂದ ಕಬ್ಬಿಣ ಕರಗಿಸಿದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಆಯಿತು. ಮಾಲೀಕರು ಬೇರೆಲ್ಲೋ ಕೂತು ತೀರ್ಮಾನಿಸುವುದು ಭದ್ರಾವತಿಗೆ ಹೊಸದಲ್ಲ. ಆದರೆ ಆಗ ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ಎದುರು ತಿಂಗಳುಗಟ್ಟಲೆ ಧರಣಿ ಕೂತರು, ಅದೇ ವರ್ಷ ಒಂದು ಘಟಕ ಮತ್ತೆ ನಡೆಯಿತು. ಹಿಡಿದುಕೊಳ್ಳಲು ಒಂದು ಗೇಟಿತ್ತು, ಯೂನಿಯನ್ ಇತ್ತು, ಪಿಎಫ್ ಲೆಕ್ಕವಿತ್ತು. 2022ರ ಜುಲೈಯಲ್ಲಿ ಆಟ ಮಾಯವಾದಾಗ ಈ ಹುಡುಗರು ಯಾವ ಗೇಟಿನ ಮುಂದೆ ಕೂರಬೇಕಿತ್ತು?

ಕ್ರೀಡೆ ಎಂದು ಒಪ್ಪಿದ ಸರ್ಕಾರ ಮೊದಲು ಉತ್ತರಿಸಬೇಕಾದದ್ದು ಇದಕ್ಕೆ. ಹಿಂದೆ ಬ್ಯಾಂಕು, ರೈಲ್ವೆ, ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ಸಾಕಿದವು. ಮಂಡಿ ಮುರಿದರೂ ಸಂಬಳ ಬರುತ್ತಿತ್ತು. ಹೆಬ್ಬೆರಳಿನ ಚುರುಕು ತಗ್ಗಿದ ಮೇಲೆ ಈ ಹುಡುಗ ಏನು ಮಾಡಬೇಕು? ತಂಡದೊಂದಿಗಿನ ಕರಾರು ಪತ್ರವನ್ನು ಓದಿ ಹೇಳುವವರು ಯಾರು? ತಂಗಿಯ ಮಗನ ತಂಡದ ನಾಲ್ವರಲ್ಲಿ ಇಬ್ಬರು ಶಿವಮೊಗ್ಗದವರು, ಇಬ್ಬರು ಇಲ್ಲಿಯವರು. ನಾಲ್ವರೂ ಒಟ್ಟಿಗೆ ಕೂತು ಆಡಲು ಒಂದು ಕೋಣೆ, ಕಡಿದುಹೋಗದ ನೆಟ್ಟು ಈವರೆಗೆ ಸಿಕ್ಕಿಲ್ಲ. ಡಿಗ್ರಿ ಮುಗಿಸು ಎಂದಷ್ಟೇ ಹೇಳಿ ಎದ್ದೆವು. ಹೂಂ ಎಂದ, ಇಯರ್‌ಫೋನ್ ಸಿಕ್ಕಿಸಿಕೊಂಡ. ಎಂಟು ಗಂಟೆಗೆ ಅವನಿಗೆ ಪಂದ್ಯವಿತ್ತು.